ಏಲಕ್ಕಿ ಬಾಳೆ ಮೂರೇ ದಿನಕ್ಕೆ ಉದುರ್ತಿದೆ, ಕಪ್ಪಾಗ್ತಿದೆ. ಏನಾದ್ರೂ ಔಷಧಿ ಇದ್ಯಾ?

ಗುಂಡ್ಲುಪೇಟೆ_ಹೊಲ
ಎಲ್ಲರಿಗೂ ನಮಸ್ಕಾರ. ಗುಂಡ್ಲುಪೇಟೆ ಹತ್ರ ಒಂದೂವರೆ ಎಕರೆ ಏಲಕ್ಕಿ ಬಾಳೆ ಇದೆ ನಮ್ದು. ಇಷ್ಟು ವರ್ಷ ಮಂಡಿಗೆ ಹಾಕ್ತಿದ್ವಿ. ದಲ್ಲಾಳಿ ಹೇಳಿದ್ದೇ ರೇಟು, ಹಿಡಿದಷ್ಟೇ ತೂಕ. ಸಾಕಾಗಿ ಈ ಸಲ ಬೆಂಗಳೂರಲ್ಲಿ ನಮ್ಮ ಭಾವ ಇರೋ ಅಪಾರ್ಟ್‌ಮೆಂಟಿಗೆ ನೇರವಾಗಿ ಕೊಡೋಕೆ ಶುರು ಮಾಡ್ದೆ. ಮೊದಲ ವಾರ ಹೊಗಳಿದ್ದೇ ಹೊಗಳಿದ್ದು. ಎರಡನೇ ವಾರದಿಂದ ವಾಟ್ಸಾಪಲ್ಲಿ ಫೋಟೊ ಬರೋಕೆ ಶುರುವಾಯ್ತು. ಚಿಪ್ಪು ಎತ್ತಿದ್ರೆ ಹಣ್ಣೆಲ್ಲ ನೆಲಕ್ಕೆ, ಕೈಲಿ ಬರೀ ತೊಟ್ಟು. ಮೂರನೇ ದಿನಕ್ಕೆ ಸಿಪ್ಪೆ ಕಪ್ಪು.

ನಾನು ಮಾಡೋದು ಹೀಗೆ. ಗೊನೇಲಿ ಒಂದೆರಡು ಕಾಯಿ ಹಳದಿ ತಿರುಗಿದ ಮೇಲೇ ಕಡಿಯೋದು, ಯಾಕಂದ್ರೆ ‘ಗಿಡದಲ್ಲೇ ಹಣ್ಣಾಗಿದ್ದು’ ಅಂತ ಹೇಳಿ ಮಾರ್ತಿದೀನಿ. ಆಳುಗಳಿಗೆ ಬಿಡುವಾಗೋದು ಮಧ್ಯಾಹ್ನ, ಆಗ ಕಡೀತಾರೆ. ಪಿಕಪ್ಪಲ್ಲಿ ಗೊನೆ ಮೇಲೆ ಗೊನೆ ಜೋಡಿಸಿ, ಟಾರ್ಪಾಲ್ ಬಿಗಿದು ರಾತ್ರಿ ಹೊರಡ್ತೀವಿ. ಹೋದ ವಾರ ಸ್ನೇಹಿತರೊಬ್ಬರ ತರಕಾರಿ ಕೋಲ್ಡ್ ರೂಮಲ್ಲಿ ಎರಡು ರಾತ್ರಿ ಇಟ್ಟೆ. ತೆಗೆದಾಗ ಬೂದಿ ಬಳಿದ ಹಾಗಿತ್ತು, ಸಂಜೆ ಹೊತ್ತಿಗೆ ಇದ್ದಿಲು. 40 ಗೊನೆ ಹಸು ಪಾಲಾಯ್ತು. ಅದ್ದಿ ತೆಗೆದ್ರೆ ಒಂದು ವಾರ ತಡೆಯೋ ಥರದ್ದು ಏನಾದ್ರೂ ಇದ್ರೆ ಹೇಳಿ.

ಮಂಡಿ_ಹುಡ್ಗ
ತರಕಾರಿ ಕೋಲ್ಡ್ ರೂಮಲ್ಲಿ ಬಾಳೆ ಇಟ್ರಾ? ಅಯ್ಯೋ ಅಣ್ಣ.

ಬೆಂಗ್ಳೂರು_ಬಾಲ್ಕನಿ
ನಾನು ಗಿರಾಕಿ ಕಡೆಯವಳು. ನಮ್ಮನೇಲೂ ಇದೇ ಕಥೆ, ಯಾವ ಅಂಗಡೀದು ತಂದ್ರೂ ಅಷ್ಟೆ. ತಳ್ಳೋ ಗಾಡಿಯವನು ಉದುರಿದ ಏಲಕ್ಕೀನ ಬೇರೆ ರಾಶಿ ಹಾಕಿ ಕಮ್ಮಿಗೆ ಕೊಡ್ತಾನೆ. ನಾನು ಅದನ್ನೇ ತರೋದು, ಹೇಗೂ ಮನೆಗೆ ಬಂದು ಉದುರೋದೇ ಅಲ್ವಾ.

ತೋಟಗಾರಿಕೆ_ಹುಚ್ಚ
ಹೊಲದಣ್ಣ, ಔಷಧಿ ವಿಚಾರ ಆಮೇಲೆ. ನೀವು ಬರೆದಿದ್ದರಲ್ಲೇ ನಾಲ್ಕು ತಪ್ಪಿದೆ, ಬೇಜಾರು ಮಾಡ್ಕೋಬೇಡಿ.

ಒಂದು, ಹಳದಿ ತಿರುಗಿದ ಮೇಲೆ ಕಡಿಯೋದು. ಬಾಳೆ ಕಡಿದ ಮೇಲೂ ಹಣ್ಣಾಗುತ್ತೆ. ಹಣ್ಣಾಗೋಕೆ ಬೇಕಾದ ಎಥಿಲೀನ್ ಅನಿಲವನ್ನ ಅದೇ ಹುಟ್ಟಿಸ್ಕೊಳ್ಳುತ್ತೆ. ಒಂದು ಕಾಯಿ ಶುರು ಮಾಡಿದ್ರೆ ಆ ಅನಿಲ ಪಕ್ಕದ ಕಾಯಿಗೂ ತಾಗಿ ಇಡೀ ಗೊನೆ ಹೊರಡುತ್ತೆ, ಆಮೇಲೆ ಅದಕ್ಕೆ ಬ್ರೇಕ್ ಇಲ್ಲ. ನೀವು ಕಡಿಯೋ ಹೊತ್ತಿಗೇ ಬಸ್ಸು ಹೊರಟಾಗಿರುತ್ತೆ. ದೂರಕ್ಕೆ ಕಳಿಸೋ ಕಾಯಿನ ಮುಕ್ಕಾಲು ಭಾಗ ಬಲಿತಾಗ, ಏಣು, ಅಂದ್ರೆ ಕಾಯಿ ಉದ್ದಕ್ಕೂ ಇರೋ ಅಂಚು, ಇನ್ನೂ ಸ್ವಲ್ಪ ಕೈಗೆ ಸಿಗ್ತಿರುವಾಗಲೇ ಕಡೀಬೇಕು. ಪೂರ್ತಿ ದುಂಡಗಾದ್ರೆ ಹತ್ತಿರದ ಸಂತೆಗೆ ಮಾತ್ರ.

ಎರಡು, ಮಧ್ಯಾಹ್ನದ ಬಿಸಿಲು. ಕಡಿದ ಕಾಯಿಗೂ ಉಸಿರಿದೆ. ಶಾಖ 10 ಡಿಗ್ರಿ ಏರಿದ್ರೆ ಉಸಿರಾಟದ ವೇಗ ಸುಮಾರು ಎರಡು ಮೂರು ಪಟ್ಟಾಗುತ್ತೆ. ಗೊನೆ ರಾಶಿ ಹಾಕಿ ಮೇಲೆ ಟಾರ್ಪಾಲ್ ಬಿಗಿದ್ರೆ ಒಳಗಿನ ಬಿಸಿ, ಒಳಗಿನ ಎಥಿಲೀನ್, ಎರಡೂ ಹೊರಗೆ ಹೋಗಲ್ಲ. ನೀವು ಪಿಕಪ್ಪಲ್ಲಿ ಒಯ್ತಿರೋದು ಓಡಾಡೋ ಅಡೆ, ಅಂದ್ರೆ ಕಾಯಿ ಮುಚ್ಚಿಟ್ಟು ಹಣ್ಣು ಮಾಡೋ ಜಾಗ.

ಮೂರು, ಗೊನೆ ಮೇಲೆ ಗೊನೆ. ಏಲಕ್ಕಿ ಸಿಪ್ಪೆ ಕಾಗದದ ಹಾಗೆ. ಇವತ್ತು ಒತ್ತಿದ ಜಾಗ ಹಸಿರು ಕಾಯಲ್ಲಿ ಕಾಣಲ್ಲ, ಹಣ್ಣಾದ ಮೇಲೆ ಅಲ್ಲೇ ಕಪ್ಪು ಮಚ್ಚೆ.

ನಾಲ್ಕು, ಕೋಲ್ಡ್ ರೂಮು. ಹಸಿ ಬಾಳೆಗೆ 13–14 ಡಿಗ್ರಿ, ಅದಕ್ಕಿಂತ ಕೆಳಗೆ ಇಳಿಸಬಾರದು. ಇಳಿಸಿದ್ರೆ ಸಿಪ್ಪೆಯ ಜೀವಕೋಶಗಳ ಪೊರೆ ಹಾಳಾಗಿ ಬೂದಿ ಬಣ್ಣ ಬರುತ್ತೆ, ಸಿಪ್ಪೆ ಒಳಗಡೆ ಕಂದು ಗೆರೆ ಬೀಳುತ್ತೆ. ಆಮೇಲೆ ಹೊರಗೆ ತಂದಿಟ್ರೂ ಸರಿಯಾಗಿ ಹಣ್ಣಾಗಲ್ಲ. ಸೊಪ್ಪು, ಕ್ಯಾರೆಟ್ಟಿಗೆ ಇಟ್ಟಿದ್ದ ಚಳಿ ನಿಮ್ಮ ಬಾಳೆನ ಕೊಂದಿದೆ.

ಗುಂಡ್ಲುಪೇಟೆ_ಹೊಲ
ಮುಕ್ಕಾಲಕ್ಕೇ ಕಡಿದ್ರೆ ತೂಕ? ಕೊನೆ ಹದಿನೈದು ದಿನದಲ್ಲೇ ಕಾಯಿ ತುಂಬೋದು. ಒಂದು ಗೊನೇಲಿ ಒಂದೂವರೆ ಎರಡು ಕೆ.ಜಿ. ಹೋದ್ರೆ ನನಗೆ ಯಾರು ಕೊಡ್ತಾರೆ? ಆಮೇಲೆ ಗಿಡದಲ್ಲೇ ಹಣ್ಣಾಗಿದ್ದು ಅನ್ನೋ ಮಾತು ಏನಾಯ್ತು?

ಮಂಡಿ_ಹುಡ್ಗ
ನೋಡಿ, ಈಗ ಬಂತು ವಿಷಯ. ನಾವು ತೂಕದಲ್ಲಿ ಯಾಕೆ ಹಿಡೀತೀವಿ ಅಂತ ಬೈತೀರಲ್ಲ, ನಿಮ್ಮ ಅಪಾರ್ಟ್‌ಮೆಂಟಿನವರು ಫೋಟೊ ಹಾಕಿ ವಾಪಸ್ ದುಡ್ಡು ಕೇಳ್ತಾರಲ್ಲ, ಅದನ್ನೇ ನಾವು ಮುಂಚೆನೇ ಹಿಡ್ಕೊಳ್ಳೋದು. ಹತ್ತು ಚಿಪ್ಪಲ್ಲಿ ಎರಡು ಉದುರೋದು ಅಂತ ನಮಗೆ ಗೊತ್ತು.

ಹಾಸನ_ಬಯಲು
ಹಿಡೀರಿ, ಬೇಡ ಅನ್ನಲ್ಲ. ಉದುರದೇ ಇರೋ ಹಾಗೆ ಚೆನ್ನಾಗಿ ಪ್ಯಾಕ್ ಮಾಡಿ ತಂದವನಿಗೂ ಅಷ್ಟೇ ಹಿಡೀತೀರಲ್ಲ, ಅದಕ್ಕೆ ಏನಂತೀರಿ? ಎರಡು ವರ್ಷ ಕ್ರೇಟಲ್ಲಿ ತಂದೆ, ಕ್ರೇಟ್ ಬಾಡಿಗೆ ನಂದು, ರೇಟು ಅದೇ. ಮೂರನೇ ವರ್ಷ ನಾನೂ ಗೊನೆ ಎಸೆದೆ ಗಾಡಿಗೆ.

ಮಂಡಿ_ಹುಡ್ಗ
ಅದು ಒಪ್ಪಬೇಕಾದ ಮಾತು. ಗ್ರೇಡ್ ನೋಡಿ ರೇಟು ಕೊಡೋರು ಕಮ್ಮಿ.

ಕಲಬುರ್ಗಿ_ಕೆಂಪ
ಏಲಕ್ಕಿ ಏಲಕ್ಕಿ ಅಂತ ಏನ್ ಬಡದಾಡ್ತೀರ್ರಿ. ನಮ್ ಕಮಲಾಪುರದ ಕೆಂಪ ಬಾಳಿ ನೋಡ್ರಿ, ಸಿಪ್ಪಿ ದಪ್ಪ ಅದ, ಜಿಐ ಟ್ಯಾಗ್ ಸೈತ ಅದ. ಹಿಂಗ ಮುಟ್ಟಿದ್ರ ಉದರಂಗಿಲ್ಲ.

ನಂಜನಗೂಡು_ರಸ
ಟ್ಯಾಗ್ ನಮಗೂ ಇದೆ ಸ್ವಾಮಿ. ಟ್ಯಾಗ್ ಇದೆ, ಬಾಳೆನೇ ಇಲ್ಲ. ಸೊರಗು ರೋಗಕ್ಕೆ ನಂಜನಗೂಡು ರಸಬಾಳೆ ತೋಟಗಳು ಹೇಗೆ ಹೋದ್ವು ಅಂತ ನಮ್ಮಪ್ಪ ನೋಡಿದ್ರು. ಉದುರೋ ವಿಷಯದಲ್ಲಿ ರಸಬಾಳೆ ಏಲಕ್ಕಿಗೆ ಅಣ್ಣ. ಪೂರ್ತಿ ಮಾಗಿದ್ರೆ ಹೆಸರು ಹೇಳಿದ್ರೆ ಸಾಕು ಉದುರುತ್ತೆ.

ಹಳೆ ಕಾಲದ ಅಡೆ ಹೇಳ್ತೀನಿ. ನಮ್ಮ ತಾತ ಹಿತ್ತಲಲ್ಲಿ ಗುಂಡಿ ತೆಗೆಸಿ, ತಳಕ್ಕೆ ಭತ್ತದ ಹುಲ್ಲು, ಮೇಲೆ ಒಣಗಿದ ಬಾಳೆ ಎಲೆ ಹಾಸಿ ಗೊನೆ ಇಡೋರು. ಒಂದು ಮೂಲೇಲಿ ತೂತಿನ ಮಡಕೆ, ಅದರೊಳಗೆ ಬೆರಣಿ ಕೆಂಡ. ಮೇಲೆ ಮಣ್ಣು ಮೆತ್ತಿ ಹೊಗೆ ಊದಿ ಮುಚ್ಚಿಬಿಡೋರು. ಒಂದು ರಾತ್ರಿ ಒಂದು ಹಗಲು, ತೆಗೆದು ನೆರಳಲ್ಲಿ ಗಾಳಿಗೆ ನೇತು ಹಾಕೋರು. ಆ ಗಾಳಿಗೆ ಹಾಕೋದು ಮರೆತ್ರೆ ತಾತನ ಬೈಗುಳ ಊರಿಗೆಲ್ಲ ಕೇಳೋದು. ಹೊಗೇಲಿ ಎಥಿಲೀನ್ ಇರುತ್ತೆ ಅಂತ ನಾನು ಕಾಲೇಜಲ್ಲಿ ಓದಿದೆ, ತಾತ ಓದಿರಲಿಲ್ಲ.

ಬೆಂಗ್ಳೂರು_ಬಾಲ್ಕನಿ
ಈಗ ಅಂಗಡಿಯವರು ಹಾಕೋದು ಕಾರ್ಬೈಡ್ ಅಂತಾರಲ್ಲ? ಹಳದಿ ಫಳಫಳ ಅಂದ್ರೆ ನಾನು ಮುಟ್ಟೋದೇ ಇಲ್ಲ.

ತೋಟಗಾರಿಕೆ_ಹುಚ್ಚ
ಫಳಫಳ ಇದ್ದಿದ್ದೆಲ್ಲ ಕಾರ್ಬೈಡ್ ಅಲ್ಲ ಅಕ್ಕ. ಒಂದೇ ಥರ ಹಳದಿ, ತುದಿ ಸ್ವಲ್ಪ ಹಸಿರು ಇರೋದು ಹೆಚ್ಚಾಗಿ ಎಥಿಲೀನ್ ಕೋಣೇಲಿ ಮಾಗಿದ್ದು. 16–18 ಡಿಗ್ರಿ ಶಾಖ, ಗಾಳೀಲಿ ತೇವ 90ರ ಹತ್ತಿರ, 24 ಗಂಟೆ ಎಥಿಲೀನ್, ಆಮೇಲೆ ಬಾಗಿಲು ತೆಗೆದು ಕಾಯಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಗೆ ಹಾಕ್ತಾರೆ. ಅದು ತುಂಬಿಕೊಂಡ್ರೆ ಮಾಗೋದು ತಡ ಆಗುತ್ತೆ. ಎಥಿಲೀನ್ ಅನಿಲ 100 ಪಿಪಿಎಂವರೆಗೆ (ಗಾಳಿಯ ಹತ್ತು ಲಕ್ಷ ಭಾಗಕ್ಕೆ ನೂರು ಭಾಗ) ಬಳಸೋಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಒಪ್ಪಿದೆ. ಹಣ್ಣೇ ಹುಟ್ಟಿಸೋ ಅನಿಲ ಅದು.

ಕಾರ್ಬೈಡ್ ಬೇರೆ. ಅದಕ್ಕೆ ತೇವ ತಾಗಿದ್ರೆ ಅಸಿಟಿಲೀನ್ ಬರುತ್ತೆ, ಜೊತೆಗೆ ಆರ್ಸೆನಿಕ್, ರಂಜಕದ ಕಲ್ಮಶ. ಅದನ್ನ ನಿಷೇಧಿಸಿದಾರೆ, 2011ರ ನಿಯಮಗಳಲ್ಲೇ ಇದೆ. ಇನ್ನೊಂದು, ಎಥಿಲೀನ್ ಬಿಡೋ ಎಥೆಫಾನ್ ಅನ್ನೋ ರಾಸಾಯನಿಕದ ದ್ರಾವಣದಲ್ಲಿ ಗೊನೇನೇ ಮುಳುಗಿಸೋದು ನಡೀತಿದೆ, ಅದಕ್ಕೂ ಅನುಮತಿ ಇಲ್ಲ.

ಮಂಡಿ_ಹುಡ್ಗ
ಬೀದಿ ಬದಿ ಸಣ್ಣ ಗೋಡೌನಲ್ಲಿ ಎಸಿ ಕೋಣೆ ಎಲ್ಲಿಂದ ತರ್ತಾರೆ? ಬಾಗಿಲು ಹಾಕಿ ಊದುಬತ್ತಿ ಕಟ್ಟು ಹಚ್ಚಿಡ್ತಾರೆ, ಅಷ್ಟೇ. ಹಣ್ಣಿಗೆ ದೇವಸ್ಥಾನದ ವಾಸನೆ.

ಕರಾವಳಿ_ಮಾಯಿ
ಕಪ್ಪಾದದ್ದನ್ನು ಬಿಸಾಡುದಾ ಮಾರಾಯ್ರೆ? 40 ಗೊನೆ ಹಸುವಿಗೆ ಹಾಕಿದ್ದು ಓದಿ ನನಗೆ ಹೊಟ್ಟೆ ಉರಿದುಹೋಯಿತು. ಮೈದಾ, ಮೊಸರು, ಸಕ್ಕರೆ, ಜೀರಿಗೆ, ಚಿಟಿಕೆ ಸೋಡ ಹಾಕಿ ಕಪ್ಪು ಹಣ್ಣು ಕಿವುಚಿ ಕಲಸಿಡಿ, ಬೆಳಿಗ್ಗೆ ಬನ್ಸ್. ಹಣ್ಣು ಎಷ್ಟು ಕಪ್ಪೋ ಅಷ್ಟು ರುಚಿ. ಹೆಚ್ಚಿದ್ದರೆ ಹಲ್ವ.

ಶಿರಸಿ_ಸುಕೇಳಿ
ಹಲ್ವ ಸರಿ, ಸುಕೇಳಿ ಯಾಕೆ ಬಿಟ್ಟಿರಿ? ಹಣ್ಣು ಸುಲಿದು, ಒಣಗಿಸಿ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಉತ್ತರ ಕನ್ನಡದಲ್ಲಿ ಎಷ್ಟೋ ಮನೆಗಳ ಅಟ್ಟದ ಮೇಲೆ ಡಬ್ಬಿ ಇರುತ್ತದೆ. 2021ರ ಲಾಕ್‌ಡೌನಿನಲ್ಲಿ ಬಾಳೆಕಾಯಿ ಕೇಳುವವರಿಲ್ಲದಾಗ ಸುಮಾರು ಮಂದಿ ಬಾಕಾಹು ಮಾಡಿದರು, ಅಂದರೆ ಬಾಳೆಕಾಯಿ ಹುಡಿ. ಹೆಚ್ಚಿ ಒಣಗಿಸಿ ಹಿಟ್ಟು. ನಾವು ಇನ್ನೂ ದೋಸೆಗೆ ಹಾಕುತ್ತೇವೆ.

ಅಂದಹಾಗೆ ಏಲಕ್ಕಿಗೆ ಮಲೆನಾಡಲ್ಲಿ ಪುಟ್ಟಬಾಳೆ ಅಂತಲೂ ಹೇಳುತ್ತಾರೆ. ಹೆಸರಲ್ಲೇ ಗೊತ್ತಾಗುವುದಿಲ್ಲವೆ, ಚಿಕ್ಕ ಮಕ್ಕಳನ್ನು ಎತ್ತಿಕೊಂಡ ಹಾಗೆ ಎತ್ತಬೇಕು.

ಗುಂಡ್ಲುಪೇಟೆ_ಹೊಲ
ಬನ್ಸ್, ಸುಕೇಳಿ ಎಲ್ಲ ಸರಿ ಅಕ್ಕ. ಹಣ್ಣಾಗಿ ಮಾರೋಕೆ ದಾರಿ ಹೇಳಿ ಮೊದಲು.

ಮಸ್ಕತ್_ಕನ್ನಡಿಗ
ನಾನು ಮಸ್ಕತ್ತಿನಲ್ಲಿ ಹಣ್ಣಿನ ಗೋದಾಮಿನಲ್ಲಿದ್ದೀನಿ. ಮಹಾರಾಷ್ಟ್ರದಿಂದ ಪಚ್ಚಬಾಳೆ ಜಾತಿಯದ್ದು, ಜಿ-9, ಹಡಗಿನ ಕಂಟೇನರಿನಲ್ಲಿ ಬರುತ್ತೆ. ತೋಟದಿಂದ ನಮ್ಮ ಕೈಗೆ ಬರೋಕೆ ದಿನಗಟ್ಟಲೆ ಆಗುತ್ತೆ, ಬಂದಾಗ ಗಿಣಿ ಹಸಿರು. ಕಂಟೇನರ್ 13 ಡಿಗ್ರಿ ಚಿಲ್ಲರೆಯಲ್ಲಿ ಓಡುತ್ತೆ, ಪೆಟ್ಟಿಗೆ ಒಳಗೆ ತೆಳು ಪ್ಲಾಸ್ಟಿಕ್ ಚೀಲ.

ಗೊನೆ ಗೊನೆಯಾಗಿ ಯಾರೂ ಕಳಿಸಲ್ಲ. ತೋಟದ ಪಕ್ಕದಲ್ಲೇ ಚಿಪ್ಪು ಬಿಡಿಸಿ, ಕತ್ತರಿಸಿದ ಕಡೆ ಕೆಳಗೆ ಮಾಡಿ ಸೊನೆ ಇಳಿಯೋಕೆ ಬಿಡ್ತಾರೆ. ಆಮೇಲೆ ಪಟಿಕ ಹಾಕಿದ ನೀರಲ್ಲಿ ತೊಳೀತಾರೆ. ಆ ಸೊನೆ ಸಿಪ್ಪೆ ಮೇಲೆ ಒಣಗಿದ್ರೆ ಕಪ್ಪು ಕಲೆ, ಯಾವ ಸೋಪಿಗೂ ಹೋಗಲ್ಲ. ಕತ್ತರಿಸಿದ ಬುಡ ಹರಿದಿರಬಾರದು, ನಯವಾಗಿರಬೇಕು. ಅಲ್ಲಿಂದಲೇ ಬೂಷ್ಟು ಹಿಡಿದು ಬುಡ ಕೊಳೆಯೋದು. ಬುಡ ಕೊಳೆತ್ರೆ ನಮ್ಮ ಸೂಪರ್‌ವೈಸರ್ ಇಡೀ ಪೆಟ್ಟಿಗೆ ಪಕ್ಕಕ್ಕೆ ಇಡ್ತಾನೆ.

ಕೆಲವು ಪೆಟ್ಟಿಗೇಲಿ ನೇರಳೆ ಪುಡಿ ಇರೋ ಸಣ್ಣ ಪೊಟ್ಟಣ ಇರುತ್ತೆ.

ತೋಟಗಾರಿಕೆ_ಹುಚ್ಚ
ಪೊಟ್ಯಾಸಿಯಂ ಪರ್ಮಾಂಗನೇಟ್. ನಮ್ಮೂರ ಬಾವಿಗೆ ಹಾಕ್ತಾರಲ್ಲ, ಅದೇ. ಕಾಯಿ ಬಿಟ್ಟ ಎಥಿಲೀನನ್ನ ಅದು ಸುಟ್ಟುಹಾಕುತ್ತೆ. ಸುಣ್ಣದ ಕಡ್ಡಿ ಅಥವಾ ಇಟ್ಟಿಗೆ ಚೂರನ್ನ ಅದರ ದ್ರಾವಣದಲ್ಲಿ ನೆನೆಸಿ ಒಣಗಿಸಿ, ತೂತಿರೋ ಪೊಟ್ಟಣದಲ್ಲಿ ಇಟ್ರೂ ಕೆಲಸ ಮಾಡುತ್ತೆ. ನೇರಳೆ ಹೋಗಿ ಕಂದಾದ್ರೆ ಅದರ ಶಕ್ತಿ ಮುಗೀತು ಅಂತ. ಹಣ್ಣಿಗೆ ತಾಗಬಾರದು. ಹಸಿ ಕಾಯಿಗೆ ಮಾತ್ರ ಇದು, ಆಗಲೇ ಹಳದಿ ತಿರುಗಿರೋದಕ್ಕೆ ಇಟ್ಟು ಪ್ರಯೋಜನ ಇಲ್ಲ.

ಇನ್ನೂ ಒಂದಿದೆ, ಎಥಿಲೀನ್ ಕೆಲಸ ತಡೆಯೋ 1-ಎಂಸಿಪಿ ಅನ್ನೋ ಅನಿಲ. 1990ರ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ವಿಶ್ವವಿದ್ಯಾಲಯದವರು ಕಂಡುಹಿಡಿದಿದ್ದು. ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡೀತಾರಲ್ಲ ಹಾಗೆ. ಕಾಯಿ ಒಳಗೆ ಎಥಿಲೀನ್ ಬಂದು ಕೂರೋ ಜಾಗದಲ್ಲಿ ಇದು ಮೊದಲೇ ಟವೆಲ್ ಹಾಕಿರುತ್ತೆ. ಸೇಬಿಗೆ ಚೆನ್ನಾಗಿ ನಡೆದಿದೆ. ಬಾಳೇಲಿ ತೊಂದರೆ ಏನಂದ್ರೆ ಒಂದೇ ಗೊನೇಲಿ ಮೇಲಿನ ಚಿಪ್ಪು ಬಲಿತಿರುತ್ತೆ, ಕೆಳಗಿನದ್ದು ಎಳೇದು. ಆಮೇಲೆ ಅರ್ಧ ಹಳದಿ ಅರ್ಧ ಹಸಿರು, ಎಮ್ಮೆ ಕರುವಿಗೆ ಬಣ್ಣ ಹಚ್ಚಿದ ಹಾಗೆ. ಕೊಯಮತ್ತೂರಿನ ಕೃಷಿ ವಿವಿಯವರು ಕೆನಡಾದ ಗ್ವೆಲ್ಫ್ ವಿವಿ ಜೊತೆ ಸೇರಿ ಹಣ್ಣು ಬೇಗ ಕೆಡದ ಹಾಗೆ ಮಾಡೋ ಹೆಕ್ಸನಾಲ್ ಅನ್ನೋದರ ಮೇಲೂ ಕೆಲಸ ಮಾಡಿದಾರೆ.

ಒಂದೂವರೆ ಎಕರೆಗೆ ಇದ್ಯಾವುದೂ ಬೇಡ ಅಂತ ನನ್ನ ಅಭಿಪ್ರಾಯ. ನಿಮ್ಮ ಖಾಯಿಲೆ ಕಡಿಯೋ ಕತ್ತಿಯಲ್ಲಿದೆ, ಔಷಧಿ ಡಬ್ಬೀಲಿ ಇಲ್ಲ.

ಹಾಸನ_ಬಯಲು
ಎಲೆ ವಿಷಯ ಯಾರೂ ಕೇಳಲಿಲ್ಲ. ಹೊಲದಣ್ಣ, ಗೊನೆ ಕಡಿಯೋ ಹೊತ್ತಿಗೆ ಗಿಡದಲ್ಲಿ ಎಷ್ಟು ಹಸಿರು ಎಲೆ ಇರುತ್ತೆ?

ಗುಂಡ್ಲುಪೇಟೆ_ಹೊಲ
ಮೂರು ನಾಲ್ಕು. ಉಳಿದಿದ್ದು ಚುಕ್ಕೆ ರೋಗಕ್ಕೆ ಸುಟ್ಟಿದೆ. ಜೊತೆಗೆ ಹಬ್ಬದಲ್ಲಿ ಊಟದೆಲೆಗೆ ಸ್ವಲ್ಪ ಕೊಯ್ದಿದ್ವಿ.

ಹಾಸನ_ಬಯಲು
ಸಿಕ್ತು ನೋಡಿ. ಎಲೆಚುಕ್ಕೆ ಹಿಡಿದ ಗಿಡದ ಕಾಯಿ ನೋಡೋಕೆ ಹಸಿರಾಗೇ ಇರುತ್ತೆ, ಕಡಿದ ಮೇಲೆ ಬೇಗ ಹಣ್ಣಾಗಿಬಿಡುತ್ತೆ, ದಾರೀಲೇ. ಎಲೆ ಉಳಿಸ್ಕೊಳ್ಳದೆ ಕಾಯಿ ಉಳಿಸ್ಕೊಳ್ಳೋಕೆ ಆಗಲ್ಲ. ಚುಕ್ಕೆ ಬಿದ್ದ ಎಲೆ ಕತ್ತರಿಸಿ ತೋಟದಿಂದ ಆಚೆ ಹಾಕಿ, ನೀರು ನಿಲ್ಲೋಕೆ ಬಿಡಬೇಡಿ. ಊಟದೆಲೆಗೆ ಬೇರೆ ನಾಲ್ಕು ಗಿಡ ಬಿಡಿ.

ಇನ್ನೊಂದು, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರು ಹೇಳಿಕೊಟ್ಟಿದ್ದು. ಕಾಯಿ ಕಟ್ಟಿ ಮುಗಿದ ಮೇಲೆ ಮೂತಿ (ಗೊನೆ ತುದಿಯ ಹೂವು) ಮುರಿದು, ಆ ದಿಂಡಿನ ತುದಿಗೆ ಅರ್ಧ ಕೆ.ಜಿ. ಹಸಿ ಸಗಣಿ, 7.5 ಗ್ರಾಂ ಯೂರಿಯಾ, 7.5 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್, 100 ಮಿ.ಲೀ. ನೀರು ಕಲಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟೋದು. ನಾನು ಮಾಡಿದೀನಿ, ಕೊನೆ ಚಿಪ್ಪಿನ ಕಾಯಿನೂ ತುಂಬುತ್ತೆ. ಮುಕ್ಕಾಲಕ್ಕೆ ಕಡಿದ್ರೆ ತೂಕ ಹೋಗುತ್ತೆ ಅಂತ ಅಳ್ತಿದ್ರಲ್ಲ, ಸ್ವಲ್ಪ ಇಲ್ಲಿ ವಾಪಸ್ ಬರಬಹುದು.

ಕಲಬುರ್ಗಿ_ಕೆಂಪ
ಸಗಣಿ ಚೀಲ ಕಟ್ಟೂದು ನಮ್ ಮಾವನೂ ಮಾಡ್ಯಾನ್ರಿ. ಮಂದಿ ನೋಡಿ ನಕ್ಕಿದ್ರು. ಗೊನಿ ನೋಡಿ ಸುಮ್ನಾದ್ರು.

ಬೆಂಗ್ಳೂರು_ಬಾಲ್ಕನಿ
ಮನೇಲಿ ಮಾಡೋದು ಏನು? ತೊಟ್ಟಿಗೆ ಪ್ಲಾಸ್ಟಿಕ್ ಸುತ್ತಿ ಅಂತ ರೀಲ್ಸಲ್ಲಿ ತೋರಿಸ್ತಾರೆ.

ಕರಾವಳಿ_ಮಾಯಿ
ನಾನು ಸುತ್ತಿ ನೋಡಿದ್ದೇನೆ, ಏನೂ ವ್ಯತ್ಯಾಸ ಇಲ್ಲ.

ತೋಟಗಾರಿಕೆ_ಹುಚ್ಚ
ಎಥಿಲೀನ್ ಬರೀ ತೊಟ್ಟಿಂದ ಬರಲ್ಲ, ಇಡೀ ಹಣ್ಣಿಂದ ಬರುತ್ತೆ. ಅದಕ್ಕಿಂತ ಸೇಬು, ಟೊಮೆಟೊ ಬುಟ್ಟಿಯಿಂದ ದೂರ ಇಡಿ, ಒಲೆ ಪಕ್ಕ ಬೇಡ. ಚೆನ್ನಾಗಿ ಹಣ್ಣಾದ ಮೇಲೆ ಫ್ರಿಜ್ಜಿಗೆ ಹಾಕಬಹುದು. ಸಿಪ್ಪೆ ಕಪ್ಪಾಗುತ್ತೆ, ಒಳಗೆ ಎರಡು ಮೂರು ದಿನ ಚೆನ್ನಾಗೇ ಇರುತ್ತೆ. ಕಾಯಿ ಇರುವಾಗ ಮಾತ್ರ ಬೇಡ.

ಮಂಡಿ_ಹುಡ್ಗ
ಇನ್ನೊಂದು ಹೇಳ್ತೀನಿ, ಬೇಸಿಗೇಲಿ ಪಚ್ಚಬಾಳೆ ತಗೊಂಡವರು ಜಗಳಕ್ಕೆ ಬರ್ತಾರೆ. ಹೊರಗೆ ಹಸಿರು, ಒಳಗೆ ಮೆತ್ತಗೆ. ಮೋಸ ಅಂತಾರೆ.

ತೋಟಗಾರಿಕೆ_ಹುಚ್ಚ
ಮೋಸ ಅಲ್ಲ, ಸೆಖೆ. ಆ ಜಾತೀಲಿ 24 ಡಿಗ್ರಿ ದಾಟಿದ್ರೆ ಸಿಪ್ಪೆಯ ಹಸಿರು ಸರಿಯಾಗಿ ಇಳಿಯಲ್ಲ, ತಿರುಳು ಮಾತ್ರ ಮಾಗ್ತಾ ಹೋಗುತ್ತೆ. ತಂಪು ಕೋಣೇಲಿ ಮಾಗಿಸಿದ್ರೆ ಅದೇ ಪಚ್ಚಬಾಳೆ ಹಳದಿ ಆಗುತ್ತೆ. ಸೂಪರ್ ಮಾರ್ಕೆಟಲ್ಲಿ ನೋಡೋ ಉದ್ದದ ಹಳದಿ ಹಣ್ಣು ಅದರ ಅಣ್ಣ ತಮ್ಮಂದಿರೇ.

ನಂಜನಗೂಡು_ರಸ
ಹೊಲದಣ್ಣ, ಕೋಲ್ಡ್ ರೂಮಿಗೆ ಬದಲು ಇಟ್ಟಿಗೆ ತೊಟ್ಟಿ ಕಟ್ಟಿ. ಎರಡು ಸಾಲು ಇಟ್ಟಿಗೆ ಗೋಡೆ, ಮಧ್ಯದ ಸಂದಿಗೆ ಮರಳು, ಬೆಳಿಗ್ಗೆ ಸಂಜೆ ಮರಳಿಗೆ ನೀರು, ಮೇಲೆ ಹುಲ್ಲಿನ ತಡಿಕೆ. ದಿಲ್ಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯವರ ಲೆಕ್ಕ ಇದು, ಕರೆಂಟೇ ಬೇಡ. ಒಣ ಬೇಸಿಗೇಲಿ ಹೊರಗಿಗಿಂತ 10 ಡಿಗ್ರಿ ಮೇಲೇ ತಂಪಿರುತ್ತೆ. ಮಳೆಗಾಲದಲ್ಲಿ ಅಷ್ಟು ಆಗಲ್ಲ. ಎಷ್ಟೇ ಆದ್ರೂ 13ಕ್ಕಿಂತ ಕೆಳಗೆ ಇಳಿಯೋ ಭಯ ಅಂತೂ ನಮ್ಮ ಕಡೆ ಇಲ್ಲ.

ಗುಂಡ್ಲುಪೇಟೆ_ಹೊಲ
ಎಲ್ಲ ಓದಿದೆ. ಒಂದು ಸಲ ಮಾಡಿ ನೋಡಿ ಬಂದು ಬರೀತೀನಿ.

ಗುಂಡ್ಲುಪೇಟೆ_ಹೊಲ
ಹದಿನಾರು ದಿನ ಆಯ್ತು, ಲೆಕ್ಕ ಕೊಡ್ತೀನಿ. ಮೂರು ಥರ ಮಾಡ್ದೆ, ಒಂದೊಂದಕ್ಕೆ ಆರು ಗೊನೆ.

ಮೊದಲನೇದು ನನ್ನ ಹಳೇ ಥರಾನೇ. ಮೂರನೇ ದಿನ ಉದುರ್ತು, ಅದರಲ್ಲಿ ಹೊಸದೇನಿಲ್ಲ.

ಎರಡನೇದು ಪೂರ್ತಿ ಬಲಿತಿದ್ದು, ಆದ್ರೆ ಹಳದಿ ಇಲ್ಲದ್ದು. ಬೆಳಿಗ್ಗೆ ಆರಕ್ಕೆ ಮುಂಚೆ ಕಡಿದು, ನೆರಳಲ್ಲಿ ಚಿಪ್ಪು ಬಿಡಿಸಿ, ಸೊನೆ ಇಳಿಸಿ, ಪಟಿಕದ ನೀರಲ್ಲಿ ತೊಳೆದು ಕ್ರೇಟಿಗೆ. ಕ್ರೇಟಿನ ತಳಕ್ಕೆ ಒಣ ಬಾಳೆ ಎಲೆ. ಐದನೇ ದಿನದವರೆಗೂ ಚಿಪ್ಪು ಹಿಡಿದು ಎತ್ತಬಹುದಿತ್ತು.

ಮೂರನೇದು ಏಣು ಸಿಗೋ ಕಾಯಿ, ಎಲೆ ಚೆನ್ನಾಗಿರೋ ಗಿಡಗಳದ್ದೇ ಆರಿಸಿ ಕಡಿದಿದ್ದು. ಉಳಿದಿದ್ದೆಲ್ಲ ಎರಡನೇ ಥರ. ಇಟ್ಟಿಗೆ ತೊಟ್ಟೀಲಿ ನಾಲ್ಕು ದಿನ ಹಸಿರಾಗೇ ಇತ್ತು. ಆಮೇಲೆ ಒಂದು ಚಿಪ್ಪು ಹಣ್ಣನ್ನ ಜೊತೆಗಿಟ್ಟು ಗೋಣಿ ಮುಚ್ಚಿದೆ, ಎರಡು ದಿನಕ್ಕೆ ಬಣ್ಣ ತಿರುಗ್ತು. ಅಪಾರ್ಟ್‌ಮೆಂಟಲ್ಲಿ ನಾಲ್ಕು ದಿನ ಉಳೀತು. ವಾಟ್ಸಾಪಲ್ಲಿ ಒಂದೂ ಫೋಟೊ ಬರಲಿಲ್ಲ.

ನಷ್ಟನೂ ಹೇಳ್ಬೇಕಲ್ಲ. ಮೂರನೇ ಥರದಲ್ಲಿ ಗೊನೆಗೆ ಒಂದೂಕಾಲು ಕೆ.ಜಿ. ಕಮ್ಮಿ ಬಂತು. ಇಬ್ಬರು ಹೋದ ಸಲದಷ್ಟು ಸಿಹಿ ಇಲ್ಲ ಅಂದ್ರು, ತಿಂದು ನೋಡ್ದೆ, ನಿಜಾನೇ. ಇನ್ನು ‘ಗಿಡದಲ್ಲೇ ಹಣ್ಣಾಗಿದ್ದು’ ಅನ್ನೋ ಮಾತು ತೆಗೆದು ಹಾಕಿದೀನಿ. ಕೇಳಿದವರಿಗೆ ‘ಮನೇಲೇ ಮಾಗಿಸಿದ್ದು’ ಅಂತೀನಿ.

ತೋಟಗಾರಿಕೆ_ಹುಚ್ಚ
ಸಿಹಿ ಕಮ್ಮಿ ಅಂದ್ರೆ ಸ್ವಲ್ಪ ಬೇಗ ಕಡಿದಿದೀರ. ಗೊನೆ ಮೂತಿ ಹಾಕಿದ ವಾರಕ್ಕೆ ಒಂದು ಬಣ್ಣದ ರಿಬ್ಬನ್ ಕಟ್ಟಿ, ವಾರ ವಾರ ಬಣ್ಣ ಬದಲಾಯಿಸಿ. ಯಾವ ಗೊನೆಗೆ ಎಷ್ಟು ವಾರ ಅಂತ ಕಣ್ಣಲ್ಲೇ ಗೊತ್ತಾಗುತ್ತೆ. ನಿಮ್ಮ ತೋಟಕ್ಕೆ ಸರಿಯಾದ ವಾರ ಯಾವುದು ಅಂತ ಒಂದು ಬೆಳೇಲಿ ಹಿಡೀಬಹುದು.

ಮಂಡಿ_ಹುಡ್ಗ
ಮೂರನೇ ಥರದ್ದು ವರಮಹಾಲಕ್ಷ್ಮಿ ಹಬ್ಬಕ್ಕೆ ಹತ್ತು ಕ್ರೇಟ್ ಬೇಕು. ಹಬ್ಬದ ಹಿಂದಿನ ದಿನ ಏಲಕ್ಕಿ ರೇಟು ನಿಮಗೆ ಗೊತ್ತೇ ಇದೆ. ತೂಕದಲ್ಲಿ ಹಿಡಿಯಲ್ಲ, ಇಲ್ಲೇ ಬರೆದು ಕೊಡ್ತಿದೀನಿ.

ಹಾಸನ_ಬಯಲು
ಇದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಟಿದೀನಿ.

ಕರಾವಳಿ_ಮಾಯಿ
ಮೊದಲನೇ ಥರದ್ದು ಉದುರಿತಲ್ಲ, ಅದನ್ನು ಏನು ಮಾಡಿದಿರಿ?

ಗುಂಡ್ಲುಪೇಟೆ_ಹೊಲ
ಬನ್ಸ್ ಮಾಡಿದ್ವಿ ಅಕ್ಕ. ಮೊದಲ ಸಲ ಕಲ್ಲಾಗಿತ್ತು, ಎರಡನೇ ಸಲ ಪರವಾಗಿಲ್ಲ. ಈಗ ತಲೆನೋವು ಇರೋದು ಬೇರೆ. ಬೆಳಿಗ್ಗೆ ಐದೂವರೆಗೆ ಕಡಿಯೋಕೆ ಬನ್ನಿ ಅಂದ್ರೆ ಆಳುಗಳು ಐವತ್ತು ರೂಪಾಯಿ ಜಾಸ್ತಿ ಕೇಳ್ತಿದಾರೆ, ಜೊತೆಗೆ ಕಾಫಿ.